ಗೋಡೆ ಹತ್ತಲು ತಡಮಾಡಿದ ಮರಿಹುಳುಗಳು

ಹಣ್ಣಿನ ನೊಣ ಸಾಕುವುದೂ ಒಂದು ವಿದ್ಯೆಯೆಂದು ಒಪ್ಪುವುದಾದರೆ, ಆ ವಿದ್ಯೆಯಲ್ಲಿ ಶ್ರೀಮತಿ ಲೊರೇನ್ ಟಿಬೆಟ್ಸ್ ಅವರಿಗೆ ಸಮಾನರಾದವರನ್ನು ನಾನು ಕಂಡಿಲ್ಲ. ಅಯೋವಾದ ನಮ್ಮ ಪ್ರಯೋಗಾಲಯಕ್ಕೆ ಸೀಸೆ ತೊಳೆಯಲು ಬಂದ ಅವರು, ಕೆಲವೇ ವರ್ಷಗಳಲ್ಲಿ ಎಂಟುನೂರು ತಳಿಗಳ ಹೊಣೆ ಹೊತ್ತರು. ಜೋಳದ ಹಿಟ್ಟು, ಯೀಸ್ಟ್, ಕಾಕಂಬಿ ಬೆರೆಸಿದ ಗಂಜಿಯನ್ನು ಮೂವತ್ತೊಂದು ವರ್ಷ ತಮ್ಮ ಕೈಯಾರೆ ಕುದಿಸಿದರು.

ನಾನು ಸಂಶೋಧನ ವಿದ್ಯಾರ್ಥಿಯಾಗಿ ಸೇರಿದ ಮೊದಲ ಚಳಿಗಾಲದಲ್ಲಿ, ಅಕ್ಕಿಕಾಳಿನಷ್ಟಿದ್ದ ನೊಣದ ಮರಿಹುಳುವನ್ನು ಸೀಳಲು ಹೋಗಿ ಹರಿದುಹಾಕುತ್ತಿದ್ದೆ. ಉಸಿರು ಪೂರ್ತಿ ಬಿಟ್ಟ ಮೇಲೆ ಕತ್ತರಿ ಹಾಕಬೇಕೆಂದು ಕಲಿಸಿದವರು ಅವರೇ.

ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸಿ ಅವುಗಳ ಕೆಲಸವನ್ನು ಬದಲಿಸುವ ಕಿಣ್ವವೇ ಕೈನೇಸ್. ಅಂಥದೊಂದು ಕೈನೇಸ್ ಇಲ್ಲದ ಹುಳುಗಳಲ್ಲಿ, ನರವು ಸ್ನಾಯುವನ್ನು ಸೇರುವ ಕಡೆ ಕಾಣುವ ಮಣಿಯಂಥ ಗಂಟುಗಳು ಹೆಚ್ಚಾಗಿದ್ದವು. ಈ ಕೈನೇಸ್ ನರಸಂಧಿಯ ಬೆಳವಣಿಗೆಗೆ ಕಡಿವಾಣ ಹಾಕುತ್ತದೆಂದು ನಾನು ತೀರ್ಮಾನಿಸಿದೆ. ನಾಲ್ಕು ವರ್ಷಗಳ ದುಡಿಮೆಯೂ ಬರಬೇಕಿದ್ದ ಪದವಿಯೂ ಆ ಒಂದು ವಾಕ್ಯದ ಮೇಲೆ ನಿಂತಿದ್ದವು. ಅದನ್ನು ಸಾರುವ ಲೇಖನವನ್ನು ಸಂಶೋಧನ ಪತ್ರಿಕೆಗೆ ಕಳುಹಿಸಲು ಎರಡು ವಾರವಿರುವಾಗ ಲೊರೇನ್ ನನ್ನ ಮೇಜಿನ ಬಳಿ ಬಂದು ನಿಂತರು.

"ಕಾಲಿನ್, ನಿನ್ನ ಮಕ್ಕಳು ಗೋಡೆ ಹತ್ತೋದು ಬೇರೆಯವಕ್ಕಿಂತ ಎರಡು ದಿನ ತಡ ಕಣಪ್ಪ. ಎರಡು ದಿನ ಜಾಸ್ತಿ ತಿಂದೋನು ದಪ್ಪ ಆಗದೆ ಇರ್ತಾನಾ?"

ಮಕ್ಕಳೆಂದರೆ ಕೈನೇಸ್ ಇಲ್ಲದ ನನ್ನ ಹುಳುಗಳು. ತಿನ್ನುವುದನ್ನು ಮುಗಿಸಿದ ಹುಳು ಸೀಸೆಯ ಗೋಡೆ ಹತ್ತುತ್ತದೆ. ಹತ್ತಿದವನ್ನೇ ನಾವು ಸೀಳುತ್ತೇವೆ. ನಾನು ಎಣಿಸಿದ ಮಣಿಗಳು ಕೈನೇಸ್ ಇಲ್ಲದ್ದರಿಂದ ನೇರವಾಗಿ ಹೆಚ್ಚಿದವೋ, ಬರಿಯ ವಯಸ್ಸಿನಿಂದಲೋ?

ಹತ್ತು ದಿನ ನಾನು ಯಾರಿಗೂ ಹೇಳಲಿಲ್ಲ. ನಿದ್ದೆ ಕೆಟ್ಟಿತು; ನನ್ನ ಮಾರ್ಗದರ್ಶಕರಾದ ಪ್ರಾಧ್ಯಾಪಕ ಓಕ್ಸ್ ಅವರ ಬಾಗಿಲವರೆಗೆ ಹೋಗಿ ಹಿಂದಿರುಗುತ್ತಿದ್ದೆ. ಲೊರೇನ್ ಕೂಡ ಆ ಮಾತು ಮತ್ತೆ ಎತ್ತಲಿಲ್ಲ. ಆದರೆ ಹನ್ನೊಂದನೆಯ ದಿನ ನೋಡಿದರೆ, ನನ್ನ ಪ್ರತಿಯೊಂದು ಸೀಸೆಯ ಮೇಲೂ ಹುಳುಗಳು ಹತ್ತಿದ ದಿನ, ಗಂಟೆ ಅವರ ಅಕ್ಷರದಲ್ಲಿ ಬರೆದಿತ್ತು. ಆ ಸೀಸೆಗಳನ್ನೇ ಎತ್ತಿಕೊಂಡು ಓಕ್ಸ್ ಅವರ ಕೋಣೆಗೆ ಹೋದೆ.

ಒಂದೇ ವಯಸ್ಸಿನ ಹುಳುಗಳಲ್ಲಿ ಮತ್ತೆ ಎಣಿಸಿದಾಗ ವ್ಯತ್ಯಾಸದ ಬಹುಪಾಲು ಕರಗಿತು. ಉಳಿದ ಚೂರನ್ನು ನಂಬಲು ಇನ್ನೂ ಎರಡು ವರ್ಷ ಹಿಡಿಯಿತು, ಪದವಿಯೂ ಅಷ್ಟೇ ತಡವಾಯಿತು. ಓಕ್ಸ್ ಅವರಿಗೆ ನೀವೇ ಏಕೆ ಹೇಳಲಿಲ್ಲವೆಂದು ಬಹಳ ಕಾಲದ ಮೇಲೆ ಲೊರೇನ್ ಅವರನ್ನು ಕೇಳಿದೆ.

"ನಾನು ಹೇಳಿದ್ರೆ ನೀನು ಸಿಕ್ಕಿಬಿದ್ದಂಗೆ ಆಗ್ತಿತ್ತು," ಎಂದು ಗಂಜಿಯ ಪಾತ್ರೆ ಕೆರೆಯುತ್ತಲೇ ನುಡಿದರು.

ಈಗ ನನ್ನ ವಿದ್ಯಾರ್ಥಿಗಳು ಬಾಗಿಲವರೆಗೆ ಬಂದು ಹಿಂದಿರುಗುವುದು ಕಂಡಾಗ ಕರೆಯಬೇಕೋ ಕಾಯಬೇಕೋ ತಿಳಿಯದೆ ತಳಮಳಿಸುತ್ತೇನೆ. ಲೊರೇನ್ ಅವರು ದೀರ್ಘಕಾಲ ಆರೋಗ್ಯದಿಂದ ಬಾಳಲಿ. ನಿವೃತ್ತರಾದರೂ ಆಗಾಗ ನಮ್ಮ ಮೇಜುಗಳ ಬಳಿ ಬಂದು ನಿಲ್ಲುತ್ತಿರಲಿ. ಎಷ್ಟು ದಿನ ಕಾಯಬೇಕೆಂಬುದನ್ನು ನಾನಿನ್ನೂ ಅವರಿಂದ ಕಲಿತಿಲ್ಲ.