ಬಾಯ್ಲರ್ ಮನೆಯ ಹಿಂದಿನ ವಸಂತ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಲಾಂಡ್ರಿಗೆ ಅಂಟಿಕೊಂಡ ಬಾಯ್ಲರ್ ಮನೆಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ ಮೇಲೆ ಕಣ್ಣು ನೆಟ್ಟು, ತಳದ ಕವಾಟದ ಹಿಡಿಯನ್ನು ಮೆಲ್ಲಗೆ ಎಳೆಯುತ್ತಾರೆ. ಹಗಲಿರುಳು ಕುದಿದು ತಳದಲ್ಲಿ ಕೂತ ಕೆಸರು ಭೋರೆಂದು ಹೊರನುಗ್ಗುತ್ತದೆ. ಕಾಲಡಿಯ ನೆಲ ಅದುರುತ್ತದೆ. ಆ ಕುದಿನೀರು ಹೊರಗಿನ ತೊಟ್ಟಿಯಲ್ಲಿ ತುಸು ಆರಿ, ಗೋಡೆಗುಂಟ ಇರುವ ಚರಂಡಿಗೆ ಇಳಿಯುತ್ತದೆ. ಹಿಡಿಯನ್ನು ಮತ್ತೆ ಬಿಗಿದು, ಕೈಗವಸು ಕಳಚಿ, ಅವರು ಹಿಂಬಾಗಿಲು ತೆರೆದು ನಿಲ್ಲುತ್ತಾರೆ.

ಬೆಟ್ಟದ ಮೇಲಿನ ಈ ಊರೆಲ್ಲ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿದೆ. ಈ ಚರಂಡಿಯ ಅಂಚಿನಲ್ಲಿ ಮಾತ್ರ ಒಂದು ಮಾರಿನಷ್ಟು ಅಗಲಕ್ಕೆ ಹಸಿ ಹುಲ್ಲು. ಹಬೆಯ ನಡುವೆ ನುಸಿಗಳು ಏರಿಳಿಯುತ್ತಿವೆ. ಅವುಗಳ ಕೆಳಗೆ ಬೂದು ಬೆನ್ನಿನ, ಬಿಳಿ ಕೆನ್ನೆಯ ಪುಟ್ಟ ಹಕ್ಕಿಯೊಂದು ಬಾಲ ಕುಣಿಸುತ್ತ ಅತ್ತಿತ್ತ ಓಡುತ್ತಿದೆ.

"ಕೊರಳು ನೋಡಿ. ಮೊನ್ನೆ ಮೊನ್ನೆವರೆಗೂ ಬೆಳ್ಳಗಿತ್ತು. ಈಗ ಮಸಿ ಮೆತ್ಕೊಂಡಂಗೆ ಕಪ್ಪಾಗಿದೆ. ಅವನ ಪಾಲಿಗೆ ಚಿಗುರುಕಾಲ ಬಂತು. ನಾವಿನ್ನೂ ಕಂಬಳಿ ಬಿಟ್ಟು ಏಳೋಕೆ ಅಳ್ತಾ ಇದೀವಿ," ಎಂದು ಆ ಹೆಂಗಸು ನೋಡಲು ಬಂದವರಿಗೆ ತೋರಿಸುತ್ತಾರೆ.

ಅವರನ್ನು ಎಲ್ಲರೂ ಕರೆಯುವುದು ಬಾಯ್ಲರಕ್ಕ ಎಂದು. ಹಕ್ಕಿಗೆ ಪುಸ್ತಕದಲ್ಲಿ ಸಿಪಿಲೆ ಎಂಬ ಹೆಸರಿದೆ. ಲಾಂಡ್ರಿಯಲ್ಲಿ ಅದು ಕುಂಡೆಕುಸ್ಕ. ಪಕ್ಕದ ಇಸ್ತ್ರಿ ಕೋಣೆಯಲ್ಲಿ ಕೆಲಸ ಮಾಡುವ ಅವರ ನಾದಿನಿ ಹಾಸಿಗೆ ಬಟ್ಟೆ ಮಡಚುತ್ತಲೇ ಕೂಗುತ್ತಾರೆ: "ನಮ್ಮತ್ತಿಗೆಗೆ ಎರಡು ಸಂಸಾರ. ಒಂದು ಕುದಿಯೋದು, ಇನ್ನೊಂದು ಕುಂಡೆ ಕುಣಿಸೋದು. ನಾವೆಲ್ಲ ಬಾಡಿಗೆಗೆ ಬಂದೋರು!"

ಬಾಯ್ಲರಕ್ಕನ ಗಂಡ ಇದೇ ಬಾಯ್ಲರಿಗೆ ಕಲ್ಲಿದ್ದಲು ತುಂಬುತ್ತಿದ್ದವರು. ಧೂಳು ಅವರ ಎದೆಯೊಳಗೆ ಕೂತಿತು, ಅದನ್ನು ಹೊರಹಾಕಲು ಕವಾಟವಿರಲಿಲ್ಲ. ಆಗ ರೋಗಿಗಳ ಬಟ್ಟೆ ನೆನೆಹಾಕುವ ಕೆಲಸದಲ್ಲಿದ್ದ ಹೆಂಡತಿ, ಗಂಡ ಹೋದ ಮೇಲೆ ಬಾಯ್ಲರ್ ಪರೀಕ್ಷೆಗೆ ಕೂತರು. "ಹೆಂಗಸರು ರಾತ್ರಿ ಪಾಳಿ ಮಾಡ್ತೀರೇನಮ್ಮ?" ಎಂದು ಕೇಳಿದ ಪರೀಕ್ಷಕರಿಗೆ, "ಮಕ್ಕಳಿಗೆ ಜ್ವರ ಬಂದಾಗ ಮತ್ಯಾರು ಮಾಡ್ತಾರೆ ಸಾರ್?" ಎಂದರಂತೆ. ಎಡ ಮುಂಗೈಯ ಸುಟ್ಟ ಕಲೆ ಮೊದಲ ವರ್ಷದ್ದು. ಕಿವಿ ಹೋದದ್ದು ನಿಧಾನವಾಗಿ. ಹಬೆಯ ಅಬ್ಬರಕ್ಕೆ ದಿನವೂ ಸಿಕ್ಕ ಕಿವಿ ಮೊದಲು ಕಳೆದುಕೊಳ್ಳುವುದು ತೆಳುವಾದ, ಎತ್ತರದ ಸ್ವರಗಳನ್ನು. ಜನರ ಮಾತು ಅವರಿಗೆ ಕೇಳುತ್ತದೆ. ಹಕ್ಕಿಯ ಹಾಡು ಕೇಳುವುದಿಲ್ಲ.

"ಕೊಕ್ಕು ಬಿಡೋದು ಕಾಣುತ್ತೆ. ಗಂಟಲು ಉಬ್ಬುತ್ತೆ. ಹಾಡ್ತಿದೆ ಅಂತ ನಾನೇ ಅಂದ್ಕೋತೀನಿ."

ಹಗಲು ಉದ್ದವಾಗತೊಡಗಿದ್ದು ಹಕ್ಕಿಗೆ ಬೆಳಕಿನಿಂದ ತಿಳಿಯುತ್ತದೆ. ಆದರೆ ಗೂಡು ಕಟ್ಟಲು ಇನ್ನಷ್ಟು ಕಾಯಬೇಕೋ ಬೇಡವೋ ಎಂಬುದನ್ನು ಅದು ಸುತ್ತಲಿನ ಬಿಸುಪು ಮತ್ತು ಹುಳಹುಪ್ಪಟೆ ನೋಡಿ ತೀರ್ಮಾನಿಸುತ್ತದೆ. ಈ ಚರಂಡಿ ಅದಕ್ಕೆ ತಪ್ಪು ಉತ್ತರ ಕೊಡುತ್ತದೆ. ಬೇರೆಡೆ ಮರಗಳು ಕಡ್ಡಿಯಂತೆ ನಿಂತಿರುವಾಗ ಇಲ್ಲಿ ಗೋಡೆ ಬದಿಯ ಮರದ ಮೊಗ್ಗು ಉಬ್ಬುತ್ತದೆ. ಲಾಂಡ್ರಿಗೆ ಹಬೆ ಒಯ್ಯುವ ಕೊಳವೆ ಗೋಡೆಯೊಳಗೆ ಹೋಗುವಲ್ಲಿ ತಗಡಿನ ಹೊದಿಕೆ ಬಾಯಿಬಿಟ್ಟಿದೆ. ಆ ಬಿರುಕಿನಲ್ಲಿ ಐದು ಚಳಿಗಾಲಗಳಿಂದ ಗೂಡು.

ನಿಯಮದ ಪ್ರಕಾರ ತಳದ ಕೆಸರು ತೆಗೆಯುವುದು ಪಾಳಿಗೆ ಒಮ್ಮೆ. ಬಾಯ್ಲರಕ್ಕ ಮಧ್ಯಾಹ್ನ ಇನ್ನೊಮ್ಮೆ ಹಿಡಿ ಎಳೆಯತೊಡಗಿದರು. ಬಾಯ್ಲರಿಗೆ ಅದು ಬೇಕಿರಲಿಲ್ಲ. ಚರಂಡಿ ಸಂಜೆಯವರೆಗೂ ಬೆಚ್ಚಗಿರಲಿ ಎಂಬುದಷ್ಟೇ ಕಾರಣ. ಹುಲ್ಲು ಅಗಲವಾಯಿತು, ನುಸಿ ಹೆಚ್ಚಿದವು, ಗೂಡು ವರ್ಷದಿಂದ ವರ್ಷಕ್ಕೆ ಬೇಗವಾಯಿತು. ಆಸ್ಪತ್ರೆಯ ಎಂಜಿನಿಯರ್ ಕಂಡೂ ಕಾಣದವರಂತಿದ್ದರು.

ಪ್ರತಿ ಚಳಿಗಾಲ ನಿವೃತ್ತ ಮೇಷ್ಟ್ರೊಬ್ಬರು ಹಕ್ಕಿ ನೋಡುವ ಗುಂಪನ್ನು ಇಲ್ಲಿಗೆ ಕರೆತರುತ್ತಾರೆ. ಹೋದ ವರ್ಷ ಪತ್ರಿಕೆಯಲ್ಲಿ ಚಿತ್ರ ಬಂತು: 'ವಸಂತದ ಮೊದಲ ಹೆಜ್ಜೆ'. ಹಕ್ಕಿ ಇತ್ತು, ಹುಲ್ಲಿತ್ತು. ಗೋಡೆ, ಚರಂಡಿ ಎರಡನ್ನೂ ಕತ್ತರಿಸಿದ್ದರು. ಅವತ್ತೇ ಮೇಷ್ಟ್ರು ಮೆಲ್ಲಗೆ ಹೇಳಿದ್ದರು: "ನೋಡೋಕೆ ಚೆಂದ ಕಣಮ್ಮ. ಆದ್ರೆ ಇಷ್ಟು ಬೇಗ ಮೊಟ್ಟೆ ಇಡೋದು ನನಗ್ಯಾಕೋ ಸರಿ ಕಾಣಲ್ಲ."

ಬಾಯ್ಲರಕ್ಕ ನಕ್ಕಿದ್ದರು. "ನಾನಿರೋವರೆಗೂ ಈ ಬೆಂಕಿ ಆರಲ್ಲ ಬಿಡಿ ಮೇಷ್ಟ್ರೇ."

ಈ ಸಲ ಹೆಣ್ಣುಹಕ್ಕಿ ಕಾವಿಗೆ ಕೂತ ವಾರವೇ ಆದೇಶ ಬಂತು. ವಿದ್ಯುತ್ತಿನ ಹೊಸ ಯಂತ್ರಗಳು ಬಂದಿವೆ, ಸೋಮವಾರದಿಂದ ಬಾಯ್ಲರ್ ಬಂದ್. ಬಾಯ್ಲರಕ್ಕನಿಗೆ ಬಟ್ಟೆ ಮಡಚುವ ಕೋಣೆ. ಅವರು ಕೆಲಸದ ಬಗ್ಗೆ ಒಂದು ಮಾತೂ ಆಡದೆ ಎಂಜಿನಿಯರ್ ಮುಂದೆ ನಿಂತು ಒಂದು ತಿಂಗಳು ಕೇಳಿದರು. ಮರಿ ಹೊರಬಂದು ಹಾರುವಷ್ಟು ದಿನ.

ಎಂಜಿನಿಯರ್ ಕೆಟ್ಟವರಲ್ಲ. ಕುರ್ಚಿ ಎಳೆದು ಕೂರಿಸಿದರು. "ಅಕ್ಕ, ನಾಕು ಮೊಟ್ಟೆಗೋಸ್ಕರ ಲಾರಿಗಟ್ಟಲೆ ಕಲ್ಲಿದ್ದಲು ಸುಡಿ ಅಂತ ನಾನು ಮೇಲಿನವರಿಗೆ ಹೆಂಗೆ ಬರೀಲಿ? ನೀವೇ ಹೇಳಿ."

"ಐದು," ಎಂದರು ಬಾಯ್ಲರಕ್ಕ.

ಬೆಂಕಿ ಆರಿದ ಬೆಳಿಗ್ಗೆ ನಾದಿನಿ ಇಸ್ತ್ರಿಯಿಂದ ಆಗತಾನೆ ಇಳಿದ ಬಿಸಿ ಹಾಸಿಗೆ ಬಟ್ಟೆಗಳನ್ನು ಸೆರಗಿನ ಮರೆಯಲ್ಲಿ ತಂದುಕೊಟ್ಟರು. "ರೋಗಿಗಳಿಗೆ ಹಾಸೋ ಬಟ್ಟೆ ಹಕ್ಕಿಗೆ ಹೊದಿಸ್ತೀಯಲ್ಲ, ಸಿಕ್ಕಿಬಿದ್ರೆ ಇಬ್ಬರೂ ಮನೆಗೆ," ಎಂದು ಬೈಯುತ್ತಲೇ ತಗಡಿಗೆ ಸುತ್ತಲು ತಾವೂ ಕೈಹಾಕಿದರು. ಬಟ್ಟೆ ಆರಿದಂತೆಲ್ಲ ಬದಲಿಸಿದರು.

ಲೆಕ್ಕ ತಪ್ಪಿದ್ದು ಅಲ್ಲಿ. ಮೊಟ್ಟೆಗೆ ಕಾವು ಕೊಡಲು ತಾಯಿಯ ಹೊಟ್ಟೆಯೇ ಸಾಕಿತ್ತು. ತಾಯಿಯ ಹೊಟ್ಟೆಗೆ ಬೇಕಿದ್ದದ್ದು ನುಸಿ, ಹುಳ. ಚರಂಡಿ ತಣ್ಣಗಾದ ಮೇಲೆ ಅವು ಇಲ್ಲ. ಹಕ್ಕಿ ಗೂಡು ಬಿಟ್ಟು ಆಹಾರ ಹುಡುಕುವ ಹೊತ್ತು ದಿನದಿನಕ್ಕೆ ಉದ್ದವಾಯಿತು. ಬಾಯ್ಲರಕ್ಕನಿಗೆ ಅದು ಹೊಳೆದದ್ದು ಮೂರನೆಯ ದಿನ. ಬಟ್ಟೆ ಕಿತ್ತೆಸೆದು, ಲಾಂಡ್ರಿಯಿಂದ ಬಕೆಟ್ಟುಗಳಲ್ಲಿ ಬಿಸಿನೀರು ಹೊತ್ತು ಚರಂಡಿಗೆ ಸುರಿದರು. ಊಟದ ಬಿಡುವು ಮುಗಿಯುವಷ್ಟರಲ್ಲಿ ಅದು ತಣ್ಣಗಾಯಿತು. ದಾರಿಯುದ್ದಕ್ಕೂ ಚೆಲ್ಲಿದ್ದು ಮರುದಿನ ಬೆಳಿಗ್ಗೆ ಗಾಜಿನಂತೆ ಗಟ್ಟಿಯಾಯಿತು. ಅದರ ಮೇಲೆ ಕಾವಲುಗಾರ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಎಂಜಿನಿಯರ್ ಈ ಸಲ ಕುರ್ಚಿ ಎಳೆಯಲಿಲ್ಲ. ಇನ್ನೊಂದು ಬಕೆಟ್ ಹೊರಬಂದರೆ ಕೆಲಸ ಹೋಯಿತೆಂದರು.

ಈಗ ಬಾಯ್ಲರಕ್ಕ ಮಡಚುವ ಕೋಣೆಯಲ್ಲಿ ನಾದಿನಿಯ ಎದುರು ನಿಲ್ಲುತ್ತಾರೆ. ಇಬ್ಬರೂ ಒಂದೊಂದು ತುದಿ ಹಿಡಿದು, ಝಾಡಿಸಿ, ಹತ್ತಿರ ಬಂದು, ಮತ್ತೆ ಹಿಂದೆ ಸರಿಯುತ್ತಾರೆ. ಕೋಣೆ ಬೆಚ್ಚಗಿದೆ, ಸದ್ದಿಲ್ಲ. "ಇಲ್ಲಿ ಆರಾಮ ಅಂತಾರೆ ಎಲ್ಲರೂ," ಎನ್ನುತ್ತಾರೆ. "ಆರಾಮವೇ. ಕಿವಿ ಕೆಟ್ಟ ಮೇಲೆ ಸದ್ದಿಲ್ಲದ ಕೋಣೆ ಕೊಟ್ರು."

ಗೂಡು ಬಿಟ್ಟ ಹಕ್ಕಿಗಳು ಎತ್ತ ಹೋದವೋ ಯಾರಿಗೂ ತಿಳಿಯದು. ಮೇಷ್ಟ್ರು ಒಬ್ಬರೇ ಬಂದು ದುರ್ಬೀನು ತೆಗೆಯದೆ ಹಿಂದಿರುಗಿದರು. "ನಾನು ಹೇಳಿರಲಿಲ್ವಾ" ಎಂದು ಅವರು ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು ಎನ್ನುತ್ತಾರೆ ಬಾಯ್ಲರಕ್ಕ.

ಅವತ್ತು ಊಟದ ಬಿಡುವಿನಲ್ಲಿ ಅವರು ಸ್ಟೂಲು ಹಾಕಿಕೊಂಡು, ಕೊಳವೆಯ ಬಿರುಕಿನಿಂದ ಗೂಡನ್ನು ಹೊರತೆಗೆಯುತ್ತಾರೆ. ಹುಲ್ಲು, ಬೇರು, ಒಳಗೆ ಮೆತ್ತಗೆ ಹಾಸಿದ ಲಾಂಡ್ರಿಯ ಬಿಳಿ ನೂಲು. ಐದು ಮೊಟ್ಟೆಗಳೂ ಹಾಗೇ ಇವೆ. ಅವನ್ನು ಮರದ ಬುಡದಲ್ಲಿ ಇಟ್ಟು, ಬೂದಿ ಕಲಸಿದ ಸಿಮೆಂಟನ್ನು ಬೆರಳಿನಿಂದ ಬಿರುಕಿಗೆ ಒತ್ತಿ ಒತ್ತಿ ತುಂಬುತ್ತಾರೆ.

"ಖಾಲಿ ಬಿಟ್ರೆ ಏನಾಗ್ತಿತ್ತು ಅತ್ತಿಗೆ? ಪಾಪ, ಜಾಗ ಗುರುತಿಟ್ಕೊಂಡು ಬರ್ತಾವೆ," ಎನ್ನುತ್ತಾರೆ ಕೆಳಗೆ ಸ್ಟೂಲು ಹಿಡಿದ ನಾದಿನಿ.

"ಅದಕ್ಕೇ," ಎನ್ನುತ್ತಾರೆ ಬಾಯ್ಲರಕ್ಕ. ಹೆಬ್ಬೆರಳಿನಿಂದ ಅಂಚನ್ನು ನುಣ್ಣಗೆ ಸವರಿ, ಕೆಲಸ ಸರಿಯಾಯಿತೇ ಎಂದು ಕತ್ತು ವಾರೆ ಮಾಡಿ ನೋಡುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದು ನೋಡಲು ಬಂದವರು ಕೇಳಿದರೆ ಬೆರಳಿಗಂಟಿದ ಸಿಮೆಂಟು ಒರೆಸಿಕೊಳ್ಳುತ್ತಾರೆ.

"ಬರೋ ವರ್ಷ ಅವು ಇಲ್ಲಿಗೆ ಬರಬಾರದು. ಎಲ್ಲರ ಹಂಗೆ ಚಳಿ ಮುಗಿಯೋವರೆಗೂ ಕಾಯಲಿ."