ಕಂಪ್ಯೂಟರಿಗೆ ಕೂಲರ್ ಕೊಟ್ಟ ಬೇಸಿಗೆ

ನಾನು ಅಜ್ಜಿ ಎಂದ ಕೂಡಲೇ ಚಿಮಣಿ ದೀಪದ ಕಾಲದವಳು ಎಂದುಕೊಳ್ಳಬೇಡಿ. ನನಗೂ ಬೇಗ ಮದುವೆ ಮಾಡಿದರು, ನನ್ನ ಮಗಳಿಗೂ ಬೇಗ ಆಯಿತು. ಹಾಗಾಗಿ ತಲೆ ಪೂರ್ತಿ ನರೆಯುವ ಮೊದಲೇ ಮೊಮ್ಮಗನನ್ನು ಎತ್ತಿಕೊಂಡೆ. ನನ್ನ ಚಿಕ್ಕಂದಿನಲ್ಲೇ ಹುಮನಾಬಾದಿಗೆ ಕಂಪ್ಯೂಟರ್ ಬಂದಿತ್ತು. ಆಗ ನಮ್ಮವರಲ್ಲಿ ಯಾರ ಕೈಯಲ್ಲೂ ಮೊಬೈಲಿರಲಿಲ್ಲ. ಸಂಜೆಯಾದರೆ ಓಣಿಯ ಹುಡುಗಿಯರೆಲ್ಲ ಸೇರಿ ಕುಂಟಾಬಿಲ್ಲೆ ಆಡುತ್ತಿದ್ದೆವು. ಮಾವಿನಕಾಯಿಗೆ ಉಪ್ಪುಖಾರ ಹಚ್ಚಿಕೊಂಡು ಹಲ್ಲು ಚುಳ್ಳೆನ್ನುವವರೆಗೆ ತಿನ್ನುತ್ತಿದ್ದೆವು. ನೀವೂ ತಿಂದಿರುತ್ತೀರಿ. ಆದರೂ ಆ ಬೇಸಿಗೆ ಎಂದರೆ ನನಗೆ ಮೊದಲು ನೆನಪಾಗುವುದು ಹೊಟ್ಟೆಕಿಚ್ಚು.

ಏಳನೇ ಇಯತ್ತೆ ಮುಗಿಸಿ ಬಸವಕಲ್ಯಾಣದಿಂದ ಹುಮನಾಬಾದಿನ ಅತ್ತೆಯ ಮನೆಗೆ ಹೋಗಿದ್ದೆ. ಅತ್ತೆ ನಮ್ಮ ಅಪ್ಪನ ತಂಗಿ. ಆಕೆಯ ಗಂಡ, ನಮ್ಮ ಮಾಮಾ, ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟು ಕ್ಲಾಸು ಶುರು ಮಾಡಿದ್ದರು. ಬೆಳಿಗ್ಗೆ ಕಾಲೇಜಿನ ಹುಡುಗರು ಬಂದು ಕಲಿತು ಹೋಗುತ್ತಿದ್ದರು. ಮಧ್ಯಾಹ್ನ ಅದರ ಮುಂದಿನ ಖುರ್ಚಿ ಮಾಮಾ ಅವರ ಮಗಳು ಶೈಲಾಳದು. ಅವಳದೂ ನನ್ನದೂ ಒಂದೇ ವಯಸ್ಸು.

ಬಿಸಿಲು ಏರಿದಂತೆ ಆ ಮಿಶನ್ ಕಾಯುತ್ತಿತ್ತು. ಅದರ ಡಬ್ಬಿಯ ಹಿಂದೆ ಕೈ ಇಟ್ಟರೆ ರೊಟ್ಟಿ ತೆಗೆದ ಹಂಚಿನ ಹಾಗೆ. ಸುಟ್ಟ ಧೂಳಿನ ವಾಸನೆ ಬರುವುದು, ಆಮೇಲೆ ತಾನಾಗಿಯೇ ಬಂದ್ ಆಗುವುದು. ಮಾಮಾ ಮಲಗುವ ಕೋಣೆಯ ನೀರಿನ ಕೂಲರ್ ಎತ್ತಿಸಿ ತಂದು ಅದರ ಪಕ್ಕ ಇಟ್ಟರು. ಮನೆಗೆ ಇದ್ದದ್ದು ಅದೊಂದೇ.

"ಲಗ್ನಾಗಿ ಬಂದಾಗಿಂದ ಒಲಿ ಮುಂದ ಬೇಯಾಕತ್ತೀನಿ, ಒಂದ್ ದಿನ ಗಾಳಿ ಹಾಕಲಿಲ್ಲ. ಈ ಡಬ್ಬಿಗಿ ಹಾಕಾಕತ್ತಾರ ನೋಡು," ಎಂದು ಅತ್ತೆ ರೊಟ್ಟಿ ಬಡಿಯುತ್ತಲೇ ಒದರಿದಳು.

"ನೀನೂ ಬಂದ್ ಬೀಳು, ಹಾಕ್ತೀನಿ," ಎಂದರು ಮಾಮಾ.

ಕೂಲರಿಗೆ ನೀರು ಬೇಕಲ್ಲ? ಓಣಿಯ ಕೊನೆಯಲ್ಲಿದ್ದ ಬೋರಿಂಗಿನ ಕೈಪಂಪು ಹೊಡೆದು ಕೊಡ ಹೊತ್ತು ತರುವ ಕೆಲಸ ನನಗೆ ಬಿತ್ತು. ನಾನು ಸುಮ್ಮನೆ ಒಪ್ಪಲಿಲ್ಲ.

"ನನಗೇನ್ ಕೊಡ್ತೀರಿ ಮಾಮಾ?"

"ಏನ್ ಬೇಕವ್ವಾ ನಿನಗ?"

"ನನಗೂ ಕಲಸ್ರಿ."

"ಕಲಸ್ತೀನಿ ಬಿಡು. ಮೊದಲ ಮಿಶನ್ ಥಂಡ ಇಡು. ರಜಾ ಮುಗಿಯೂದ್ರಾಗ ನಿನ್ನೂ ಖುರ್ಚಿ ಮ್ಯಾಲ ಕುಂದ್ರಸ್ತೀನಿ."

ಆ ಒಂದು ಮಾತಿಗೆ ನಾನು ನೀರು ಹೊತ್ತೆ. ಊರಲ್ಲಿ ಅಪ್ಪ ನನ್ನನ್ನು ಎಂಟನೆಯದಕ್ಕೆ ಕಳಿಸುವುದೋ ಹೊಲಕ್ಕೆ ಕಳಿಸುವುದೋ ಎಂದು ತೂಗುತ್ತಿದ್ದ. ಕಂಪ್ಯೂಟರ್ ಕಲಿತು ಹೋದರೆ ಸಾಲಿ ಬಿಡಿಸಲು ಅವನಿಗೆ ಬಾಯಿ ಬರುವುದಿಲ್ಲ ಎಂದು ನನ್ನ ಎಣಿಕೆ.

ಶೈಲಾ ಏನು ಕಲಿಯುತ್ತಿದ್ದಳು ಎಂದು ಕೇಳಿ. ಇಸ್ಪೇಟು! ಮಾಮಾ ಊಟ ಮಾಡಿ ಮಲಗಿದ ಕೂಡಲೇ ಪರದೆಯ ಮೇಲೆ ಎಲೆ ಹರವಿಕೊಂಡು ಒಬ್ಬಳೇ ಆಡುತ್ತಿದ್ದಳು. ಕೂಲರಿನ ತಂಪು ಗಾಳಿಗೆ ಅವಳ ಲಂಗ ಹಾರುತ್ತಿತ್ತು. ನಾನು ಬೆವರಿನಲ್ಲಿ ತೊಯ್ದು ಕೊಡ ಹಿಡಿದು ಬಾಗಿಲಲ್ಲಿ ನಿಂತೇ ಆ ಆಟ ಕಲಿತೆ.

"ಶೈಲಿ, ಆ ಕೆಂಪು ಏಳು ಕರೀ ಎಂಟರ ಮ್ಯಾಲ ಹೋಗ್ತದ."

"ನೀ ನೀರ್ ಹಾಕ್ ಹೋಗ್, ಶಾಣ್ಯಾಕಿ."

ಎಲೆಯನ್ನು ಮಾತ್ರ ನಾನು ಹೇಳಿದಲ್ಲೇ ಇಟ್ಟಳು. ನನಗೆ ಅವಳ ಜಡೆ ಹಿಡಿದು ಎಳೆಯಬೇಕು ಅನ್ನಿಸಿತು.

ಎಷ್ಟು ನೀರು ಹಾಕಿದರೂ ಮಿಶನ್ ಬಂದ್ ಬೀಳುವುದು ನಿಲ್ಲಲಿಲ್ಲ. ಬಿದ್ದಾಗಲೆಲ್ಲ ಮಾಮಾ ನನ್ನ ಮುಖ ನೋಡುವರು. "ಕಸ್ತೂರಿ, ನೀರ್ ಹಾಕಿದಿ ಇಲ್ಲ?" ಕೊನೆಗೆ ಗುಲ್ಬರ್ಗಾದಿಂದ ರಿಪೇರಿಯವರನ್ನು ಕರೆಸಿದರು.

ಆ ಮನುಷ್ಯ ಮೊದಲು ಕಿತ್ತು ತೆಗೆದದ್ದು ಡಬ್ಬಿಯ ಮೇಲಿನ ಹೊದಿಕೆಯನ್ನು. ಅತ್ತೆ ಬಿಳಿ ದಾರದಲ್ಲಿ ಕ್ರೋಶಾ ಹಾಕಿ, ಒಳಗೆ ಮಾಮಾ ಅವರ ಹಳೇ ಧೋತರ ಕೊಟ್ಟು ಹೊಲಿದದ್ದು ಅದು. ರೇಡಿಯೋಗೆ, ಟೀವಿಗೆ ಎಲ್ಲರೂ ಹಾಕುತ್ತಿದ್ದರಲ್ಲ, ಹಾಗೆ. ಧೂಳು ಕೂರಬಾರದೆಂದು ಮಿಶನ್ ನಡೆಯುವಾಗಲೂ ಶೈಲಾ ಅದನ್ನು ತೆಗೆಯುತ್ತಿರಲಿಲ್ಲ.

"ಏನ್ರಿ ಇದು, ಬ್ಯಾಸಗ್ಯಾಗ ರಗ್ಗು ಹೊಚ್ಚೀರಲ್ರಿ! ಬಿಸಿ ಗಾಳಿ ಎಲ್ಲಿಂದ ಹೊರಗ ಬರಬೇಕು?"

ಡಬ್ಬಿ ಬಿಚ್ಚಿದರೆ ಒಳಗೆ ಗಾಳಿ ಬೀಸುವ ಅಂಗೈಯಷ್ಟು ಪಂಖಾ, ಅದರ ತುಂಬ ಧೂಳು. ಬ್ರಶ್ಶಿನಿಂದ ಉದುರಿಸಿದ. ಪಂಖಾವನ್ನೂ ಅದರ ಕೆಳಗಿನ ತಗಡನ್ನೂ ಎತ್ತಿದ. ಅಡಿಯಲ್ಲಿ ಬಿಸ್ಕೀಟಿನಷ್ಟು ಚಿಕ್ಕ ಬಿಲ್ಲೆ. ಅಷ್ಟು ಕಾಯುತ್ತಿದ್ದದ್ದು ಅದೇ. ಅದರ ಮೇಲೆ ಒಣಗಿದ ಸುಣ್ಣದಂಥದ್ದು ಅಂಟಿತ್ತು. ಅದನ್ನು ಒರೆಸಿ, ಒಂದು ಕಾಳಿನಷ್ಟು ಬಿಳೀ ಮುಲಾಮು ಹಚ್ಚಿ, ತಗಡು ಪಂಖಾ ಮತ್ತೆ ಕೂರಿಸಿದ.

"ಈ ಮುಲಾಮು ಒಣಗಿದ್ರ ಕೆಳಗಿನ ಬಿಸಿ ತಗಡಿಗಿ ಏರೂದಿಲ್ರಿ," ಎಂದ.

ಮಗುವಿಗೆ ಹಚ್ಚಿದಷ್ಟು ನಾಜೂಕಾಗಿ ಹಚ್ಚಿದ. ಕೊಡ ಒತ್ತಿ ಒತ್ತಿ ನನ್ನ ಸೊಂಟ ಕಂದಿತ್ತು, ಅದಕ್ಕೆ ಯಾರೂ ಏನೂ ಹಚ್ಚಿರಲಿಲ್ಲ. ನಾನು ಬಿಲ್ಲೆಯ ಮೇಲೂ ಹೊಟ್ಟೆಕಿಚ್ಚು ಪಟ್ಟವಳು.

ಎದ್ದು ನಿಂತವನು ಕೂಲರ್ ನೋಡಿ ಹಣೆ ಬಡಿದುಕೊಂಡ. "ಇದನ್ಯಾಕ ಇಟ್ಟೀರಿ? ಹಸಿ ಗಾಳಿಗಿ ಒಳಗೆಲ್ಲ ತುಕ್ಕ ಹಿಡೀತದ. ಮೊದಲ ತೆಗೀರಿ."

ಕೂಲರ್ ಮಲಗುವ ಕೋಣೆಗೆ ಹೋಯಿತು. ಅದರ ಮುಂದೆ ಮೊದಲು ಕಾಲು ಚಾಚಿದವಳು ಅತ್ತೆ. ಆವತ್ತು ಇಡೀ ಮಧ್ಯಾಹ್ನ ಮಿಶನ್ ನಿಲ್ಲದೆ ನಡೆಯಿತು. ನನಗೆ ಹಿಗ್ಗು. ಕೈಕಾಲು ತೊಳೆದು, ತಲೆ ಬಾಚಿಕೊಂಡು ಹೋಗಿ ಮಾಮಾ ಮುಂದೆ ನಿಂತೆ.

"ಮಿಶನ್ ಥಂಡ ಆಯ್ತಲ್ರಿ ಮಾಮಾ. ನಾ ಕುಂದ್ರಲಿ?"

"ಥಂಡ ಆಯ್ತಲ್ಲವ್ವಾ, ಇನ್ನ ನೀರಿಂದೇನ್ ಕೆಲಸಿಲ್ಲ. ನಿಮ್ಮಪ್ಪಗ ಹೇಳಿ ಕಳಸೀನಿ, ನಾಳಿ ಬಸ್ಸಿಗಿ ಹತ್ತಸ್ತೀನಿ. ಮುಂದಿನ ಸಲ ಬಂದಾಗ ಕಲಸ್ತೀನಿ, ಹಾಂ?"

ಕೆಟ್ಟ ಮನುಷ್ಯನಲ್ಲ. ಲಂಗ ಹೊಲಿಸಲು ಪರಕಾರದ ಬಟ್ಟೆ ಕೊಡಿಸಿ, ಪೇಢೆ ಕಟ್ಟಿಸಿ ಬಸ್ಸು ಹತ್ತಿಸಿದರು. ನಾನು ಹೊರಡುವಾಗ ಶೈಲಾ ಪರದೆಯಿಂದ ಮುಖ ತಿರುಗಿಸದೆ "ಹೋಗಿ ಬಾ" ಎಂದಳು. ಅಪ್ಪ ಎಂಟನೆಯದಕ್ಕೆ ಹಾಕಲಿಲ್ಲ. ಮುಂದಿನ ಸಲ ಎನ್ನುವುದು ಬರಲಿಲ್ಲ.

ಈಗ ಮಾಮಾ ಇಲ್ಲ, ಅತ್ತೆ ಇಲ್ಲ, ಓಣಿಯ ಬೋರಿಂಗ್ ಕಿತ್ತು ಒಯ್ದರು. ಇವು ಹೋಗುವಂಥವೇ, ಹೋದವು. ನಾನು ಹಳ್ಳಿಖೇಡದ ಸೊಸೆಯಾಗಿ ಕಬ್ಬಿನ ಹೊಲ ಕಂಡೆ. ಶೈಲಾ ಬಸವಕಲ್ಯಾಣದ ಕಚೇರಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಾಳೆ. ಕೆಲಸವಿದ್ದು ಹೋದರೆ ಸಾಲಿನಲ್ಲಿ ನಿಲ್ಲಿಸುವುದಿಲ್ಲ, ಚಹಾ ತರಿಸುತ್ತಾಳೆ. ಒಳ್ಳೆಯವಳು. ಅವಳ ಬೆರಳು ಆ ಗುಂಡಿಗಳ ಮೇಲೆ ಪಟಪಟ ಓಡುವುದನ್ನು ನೋಡಿದರೆ ಇವತ್ತಿಗೂ ಚಹಾ ಅರ್ಧಕ್ಕೇ ಬಿಟ್ಟು ಏಳುತ್ತೇನೆ.

ಮೊನ್ನೆ ಹೋದಾಗ ನನ್ನ ಕೈ ಹಿಡಿದುಕೊಂಡಳು. "ಕಸ್ತೂರಿ, ಆ ಬ್ಯಾಸಗಿ ಎಷ್ಟ್ ಛಲೋ ಇತ್ತಲ್ಲ?"

"ನಿನಗ ಇತ್ತು," ಅಂದೆ.