ಸಂಕಪ್ಪಣ್ಣನ ಎರಡು ಸೀಟಿನ ಕಾರು

ಕಂಕನಾಡಿಯ ಆಸ್ಪತ್ರೆಗಳ ಹಿಂದಿನ ಓಣಿಯಲ್ಲಿ ಸಂಕಪ್ಪಣ್ಣನ ಹೋಟೆಲು ಇದೆ. ಬೋರ್ಡಿನ ಮೇಲೆ ಏನೇ ಬರೆದಿದ್ದರೂ ಜನ ಅದನ್ನು ಗಂಜಿ ಹೋಟೆಲು ಎಂದೇ ಕರೆಯುತ್ತಾರೆ. ರೋಗಿಗಳ ಜೊತೆಗೆ ಬಂದು ನಿದ್ದೆಗೆಟ್ಟವರು ಬೆಳಿಗ್ಗೆ ಅಲ್ಲಿ ಕೂತು ಕುಚ್ಚಲಕ್ಕಿ ಗಂಜಿ, ಚಟ್ನಿ, ಉಪ್ಪಿನಕಾಯಿ ಉಂಡು ಎದ್ದು ಹೋಗುತ್ತಾರೆ. ಇಂಥ ಹೋಟೆಲಿನ ಧಣಿ ಸ್ಪೋರ್ಟ್ಸ್ ಕಾರಿನಿಂದ ಇಳಿಯುವುದನ್ನು ಕಂಡ ಹೊಸಬರು, ಯಾರೋ ಡಾಕ್ಟರು ದಾರಿ ತಪ್ಪಿ ಬಂದಿರಬೇಕು ಎಂದುಕೊಳ್ಳುತ್ತಿದ್ದರು.

ಸಂಕಪ್ಪಣ್ಣನಿಗೆ ಓಡಿಸುವ ಹುಚ್ಚು ಹತ್ತಿದ್ದು ಗದ್ದೆಯಲ್ಲಿ. ಹದಿನೈದನೆಯ ವಯಸ್ಸಿಗೆ ಮನೆಯ ಟಿಲ್ಲರ್ ಕೈಗೆ ಬಂದಾಗ ಉಳುಮೆಗಿಂತ ಹೆಚ್ಚು ಹೊತ್ತು ಗದ್ದೆಯಿಂದ ಗದ್ದೆಗೆ ಅದನ್ನು ದಾಟಿಸುವುದರಲ್ಲೇ ಕಳೆದವರು ಅವರು. ಆಮೇಲೆ ಸೋದರಮಾವನ ಜೊತೆ ಪೇಟೆಗೆ ಬಂದರು, ಲೋಟ ತೊಳೆದರು, ಗಲ್ಲಾಪೆಟ್ಟಿಗೆಯ ಹಿಂದೆ ಕೂತರು, ಕೊನೆಗೆ ಸ್ವಂತದ್ದೊಂದು ಹೋಟೆಲು ಮಾಡಿದರು. ಈ ನಡುವಿನ ಮೂವತ್ತು ವರ್ಷ ಅವರು ಓಡಿಸಿದ್ದು ತರಕಾರಿ ತರುವ ಓಮ್ನಿ. ಐವತ್ತನಾಲ್ಕಕ್ಕೆ, ಮಗ ಸುಜಿತ್ ಹೋಟೆಲಿನ ಜವಾಬ್ದಾರಿ ಹೊತ್ತ ಮೇಲೆ, ಒಂದು ಹಳೆಯ ಸ್ಪೋರ್ಟ್ಸ್ ಕಾರು ಕೊಂಡರು. ಕೆಂಪು ಬಣ್ಣ, ಉದ್ದ ಮೂತಿ, ಹಿಂದೆ ಹೆಸರಿಗೆ ಎರಡು ಸೀಟು. ಐದು ವರ್ಷ ಅದನ್ನು ಕಣ್ಣಿನ ರೆಪ್ಪೆಯ ಹಾಗೆ ನೋಡಿಕೊಂಡರು.

ತೊಂದರೆ ಇದ್ದದ್ದು ಆ ಮೂತಿಯಲ್ಲಿ. ಓಣಿಯಿಂದ ದೊಡ್ಡ ರಸ್ತೆಗೆ ಬರುವಾಗ ಸಂಕಪ್ಪಣ್ಣನ ಕಣ್ಣಿಗಿಂತ ಒಂದು ಮಾರು ಮುಂಚೆ ಕಾರಿನ ಮೂತಿ ರಸ್ತೆಗೆ ಬಂದಿರುತ್ತಿತ್ತು. "ಅಣ್ಣಾ, ಮೂಗು ಒಳಗೆ ತೆಕ್ಕೊಳ್ಳಿ" ಎಂದು ಸಿಟಿ ಬಸ್ಸಿನ ಕಂಡಕ್ಟರುಗಳು ಬಾಗಿಲಲ್ಲಿ ನೇತಾಡುತ್ತಲೇ ಹೇಳಿಹೋಗುತ್ತಿದ್ದರು. ಅದನ್ನೆಲ್ಲ ಅವರು ನಕ್ಕು ಬಿಡುತ್ತಿದ್ದರು. ಆದರೆ ಒಂದು ದಿನ ರಸ್ತೆ ಬದಿಯಲ್ಲಿ ಹೋಗುತ್ತಿದ್ದ ನರ್ಸೊಬ್ಬಳ ಕೊಡೆಗೆ ಮೂತಿ ತಾಗಿತು. ಹುಡುಗಿಗೆ ಏನೂ ಆಗಲಿಲ್ಲ, ಕೊಡೆಯ ಒಂದು ಕಡ್ಡಿ ಬಗ್ಗಿತು ಅಷ್ಟೆ. ಸಂಕಪ್ಪಣ್ಣ ಮಾತ್ರ ಅಂದು ಕಾರನ್ನು ಓಣಿಯಲ್ಲೇ ಬಿಟ್ಟು ನಡೆದು ಮನೆಗೆ ಹೋದರು. ಇನ್ನು ಈ ಕಾರು ಬೇಡ ಎಂದು ಅವರೇ ಮನೆಯಲ್ಲಿ ಹೇಳಿದರು.

ಸುಜಿತ್‌ಗೆ ಸಂತೋಷವಾಯಿತು. "ಅಕ್ಷಿತಾಳಿಗೆ ಈಗ ಏಳನೇ ತಿಂಗಳು ಪಪ್ಪ. ಮಗು ಬರ್ತದೆ. ಒಂದು ಸೆವೆನ್ ಸೀಟರ್ ತೆಕ್ಕೊಳ್ಳುವ, ಎಲ್ಲರೂ ಒಟ್ಟಿಗೆ ಹೋಗ್ಲಿಕ್ಕೆ ಆಗ್ತದೆ."

ಅಕ್ಷಿತಾ ಎಂದರೆ ಸಂಕಪ್ಪಣ್ಣನ ಮಗಳು, ಕಾವೂರಿಗೆ ಮದುವೆಯಾಗಿ ಹೋದವಳು. ಮಗನ ಮಾತಿನಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಸಂಕಪ್ಪಣ್ಣ ಏಳು ಸೀಟಿನದ್ದನ್ನು ನೋಡಲೆಂದೇ ಹೊರಟರು. ಆದರೆ ಕೂಳೂರಿನಲ್ಲಿ ಹಳೆ ಕಾರುಗಳ ವ್ಯಾಪಾರ ಮಾಡುವ ಶುಕೂರನ ಅಂಗಳದ ಮೂಲೆಯಲ್ಲಿ ಒಂದು ಬೂದು ಬಣ್ಣದ ಚಿಕ್ಕ ಕಾರು ನಿಂತಿತ್ತು. ಎರಡೇ ಸೀಟು, ಮೊಂಡು ಮೂತಿ.

"ಇದರ ಇಂಜಿನ್ ಎದುರು ಇಲ್ಲ ಸಂಕಪ್ಪಣ್ಣ" ಎಂದ ಶುಕೂರ್. "ನಿಮ್ಮ ಬೆನ್ನ ಹಿಂದೆಯೇ ಉಂಟು, ಕಾರಿನ ಹೊಟ್ಟೆಯಲ್ಲಿ."

"ಹಾಗಾದ್ರೆ ಎದುರು ಎಂತ ಉಂಟು ಮಾರಾಯ?"

"ಎದುರೊಂದು ಡಿಕ್ಕಿ, ಹಿಂದೊಂದು ಡಿಕ್ಕಿ. ಇಂಜಿನ್ ಮಾತ್ರ ನಿಮಗೆ ಕಾಣ್ಲಿಕ್ಕೆ ಸಿಗುವುದಿಲ್ಲ. ಒಮ್ಮೆ ಓಡಿಸಿ ನೋಡಿ, ಆಮೇಲೆ ಮಾತಾಡುವ."

ಓಡಿಸಿದರು. ಹಿಂದಿರುಗಿದಾಗ ಅವರ ಮುಖ ನೋಡಿ ಶುಕೂರ್ ಚಹಾ ತರಲು ಹೇಳಿದ, ಸೆವೆನ್ ಸೀಟರಿನ ಸುದ್ದಿ ಎತ್ತಲಿಲ್ಲ.

ಕದ್ರಿಯ ಮನೆಯಲ್ಲಿ ಆ ರಾತ್ರಿ ಊಟದ ಹೊತ್ತಿಗೆ ಗಲಾಟೆ ಎದ್ದಿತು. "ಎರಡು ಸೀಟಿನ ಕಾರಾ? ಮಗುವನ್ನು ಎಲ್ಲಿ ಕೂರಿಸ್ತೀರಿ, ಬಾನೆಟ್ ಮೇಲಾ?" ಎಂದು ಸುಜಿತ್ ಕೇಳಿದ. ತೀರ್ಮಾನ ಹೇಳಬೇಕಾದವರು ರತ್ನಾವತಿಯಕ್ಕ. ಸಂಕಪ್ಪಣ್ಣನ ಹೆಂಡತಿ, ಹೋಟೆಲಿನ ಅಡುಗೆಮನೆಯ ನಿಜವಾದ ಯಜಮಾನಿ. ಅವರು ಕೈ ತೊಳೆದುಕೊಂಡು ಬಂದು ಹೇಳಿದರು: "ಹೋಟೆಲಿಗೆ ಹೊಸ ಅಡುಗೆಯವ ಬಂದ್ರೆ ಒಂದು ದಿನ ಒಲೆ ಎದುರು ನಿಲ್ಲಿಸಿ ನೋಡ್ತೇವೆ. ಇದನ್ನೂ ಹಾಗೆಯೇ ನೋಡುವ. ಬುಧವಾರ ಅಕ್ಷಿತಾಳ ಬಯಕೆ. ಹೂವು, ಮೂಡೆ ಎರಡೂ ಆ ಕಾರಿನಲ್ಲಿ ಬರಲಿ. ಸರಿಯಾಗಿ ಬಂದ್ರೆ ನಿಮ್ಮದು. ಇಲ್ಲದಿದ್ರೆ ಸುಜಿತ್ ಹೇಳಿದ್ದು."

ಬಸುರಿ ಮಗಳ ಬಯಕೆಗೆ, ಅಂದರೆ ಸೀಮಂತಕ್ಕೆ, ತವರಿನವರು ಕೊಂಡುಹೋಗುವ ಮಲ್ಲಿಗೆ ಎಂದರೆ ಸಣ್ಣ ವಿಷಯವಲ್ಲ. ಅಷ್ಟು ದೊಡ್ಡ ಪರೀಕ್ಷೆಗೆ ಇಷ್ಟು ಸುಲಭದ ಪ್ರಶ್ನೆಯೇ ಎಂದು ಸಂಕಪ್ಪಣ್ಣ ಒಳಗೊಳಗೇ ಹಿಗ್ಗಿದರು. ಶುಕೂರ್ ಒಂದು ದಿನದ ಮಟ್ಟಿಗೆ ಕೀಲಿಕೈ ಕೊಟ್ಟ.

ಬುಧವಾರ ಬೆಳಿಗ್ಗೆ ಏಳೂವರೆಗೆ ಕಂಕನಾಡಿ ಮಾರ್ಕೆಟಿನಲ್ಲಿ ಹೂವಿನ ವಿನಿಫ್ರೆಡ್ ಬಾಯಿ ಬಾಳೆಎಲೆಯಲ್ಲಿ ಸುತ್ತಿದ ಮಲ್ಲಿಗೆಯ ಕಟ್ಟನ್ನು ಕೊಟ್ಟಳು. ಡಿಕ್ಕಿ ಎಂದರೆ ಹಿಂದೆ ಇರುವುದು ಎಂಬ ಜೀವಮಾನದ ಅಭ್ಯಾಸ. ಸಂಕಪ್ಪಣ್ಣ ಹಿಂದಿನ ಡಿಕ್ಕಿ ತೆರೆದು ಮಗುವನ್ನು ಮಲಗಿಸುವ ಹಾಗೆ ಹೂವನ್ನು ಮಲಗಿಸಿದರು. ಹೋಟೆಲಿನಲ್ಲಿ ಹಬೆಯಾಡುವ ಮೂಡೆಯ ಬುಟ್ಟಿಯನ್ನು ಎದುರಿನ ಡಿಕ್ಕಿಗೆ ಇಳಿಸಿದರು. ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಆ ಉದ್ದನೆಯ ಕಡುಬಿಗೆ ಆ ಗುಂಡಿ ಅಳತೆ ತೆಗೆದು ಮಾಡಿದಂತಿತ್ತು.

ಕಾವೂರಿಗೆ ಅರ್ಧ ಗಂಟೆಯ ದಾರಿ. ಮುಹೂರ್ತ ಹನ್ನೊಂದೂವರೆಗೆ. ಬೇಗ ಹೋಗಿ ಅಳಿಯನ ಮನೆಯಲ್ಲಿ ಸುಮ್ಮನೆ ಕೂರುವುದೇಕೆ ಎಂದು ಒಂದು ಯೋಚನೆ ಬಂತು. ಕಾವೂರು ಕೆರೆಯ ಹತ್ತಿರ ಎಡಕ್ಕೆ ತಿರುಗಬೇಕಾದ ಕಾರು ನೆಟ್ಟಗೆ ವಿಮಾನ ನಿಲ್ದಾಣದ ಕಡೆಗೆ ಹೋಯಿತು. ಕೆಂಜಾರಿನ ಏರಿನ ತಿರುವುಗಳಲ್ಲಿ ಹತ್ತಿ, ಇಳಿದು, ಮತ್ತೆ ಹತ್ತಿದರು. ಐವತ್ತೊಂಬತ್ತು ವರ್ಷದ ಮನುಷ್ಯ ಒಬ್ಬರೇ ಕೂತು ನಗುತ್ತಿದ್ದರು. ಒಂದು ಸುತ್ತು ಎಂದುಕೊಂಡದ್ದು ನಾಲ್ಕಾಯಿತು.

ಒಂಬತ್ತೂಕಾಲಕ್ಕೆ ಅಳಿಯನ ಮನೆಯಂಗಳಕ್ಕೆ ಬಂದಾಗ ರತ್ನಾವತಿಯಕ್ಕ ಮತ್ತು ಸುಜಿತ್ ಆಗಲೇ ಅಲ್ಲಿದ್ದರು. ಸಂಕಪ್ಪಣ್ಣ ದೊಡ್ಡಸ್ತಿಕೆಯಿಂದ ಹಿಂದಿನ ಡಿಕ್ಕಿ ತೆರೆದರು. ಪರಿಮಳದ ಬಿಸಿ ಉಸಿರೊಂದು ಮುಖಕ್ಕೆ ಬಡಿಯಿತು. ಬಾಳೆಎಲೆ ಬಾಡಿ ಕಪ್ಪಾಗಿತ್ತು. ಒಳಗೆ ಮಲ್ಲಿಗೆ ಹಬೆಯಲ್ಲಿ ಬೆಂದ ಸೊಪ್ಪಿನಂತೆ ಮುದುಡಿ, ಅಂಚು ಕಂದಿ ಮಲಗಿತ್ತು. ಎದುರಿನ ಡಿಕ್ಕಿಯಲ್ಲಿ ಮೂಡೆ ತಣ್ಣಗಾಗಿ ಕಲ್ಲಾಗಿತ್ತು.

"ಹೂವಿನ ಪಲ್ಯ ಮಾಡಿ ತಂದಿದ್ದೀರಾ ಪಪ್ಪ" ಎಂದು ಸುಜಿತ್ ಮೆಲ್ಲನೆ ಹೇಳಿದ.

ಸಂಕಪ್ಪಣ್ಣ ಬಾಡಿದ ಕಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಕಾರು ಕೈತಪ್ಪಿದ್ದು ಒತ್ತಟ್ಟಿಗಿರಲಿ, ಅವರಿಗೆ ಮಗಳ ಮುಡಿಗೆ ಹೂವಿಲ್ಲ ಎಂಬುದೇ ದೊಡ್ಡದಾಗಿ ಕಂಡಿತು. ರತ್ನಾವತಿಯಕ್ಕ ಬೈಯುತ್ತಾರೆ ಎಂದು ಕಾದರು. ಅವರು ಬೈಯಲಿಲ್ಲ. ಹಿಂದಿನ ಡಿಕ್ಕಿಯ ತಳಕ್ಕೆ ಅಂಗೈ ಒತ್ತಿ, ದೋಸೆ ಕಾವಲಿಯ ಕಾವು ನೋಡುವ ಹಾಗೆ ನೋಡಿದರು. ಎದುರಿಗೆ ಹೋಗಿ ಅಲ್ಲೂ ಅಂಗೈ ಇಟ್ಟರು.

"ಇಲ್ಲಿ ಒಲೆ, ಅಲ್ಲಿ ನೀರಿನ ಮಡಕೆ" ಎಂದರು. "ಇಷ್ಟು ವರ್ಷ ಹೋಟೆಲು ನಡೆಸಿದ ಮನುಷ್ಯ ಹೂವನ್ನು ಒಲೆ ಮೇಲಿಟ್ಟು ತಂದದ್ದಾ? ಸುಜಿತ್, ಆ ಮೂಡೆ ಬುಟ್ಟಿಯನ್ನು ತೆಗೆದು ಹಿಂದಿಡು. ನೀವು ನಡೀರಿ."

"ಎಲ್ಲಿಗೆ?"

"ಹೂವಿಗೆ. ಇನ್ನೆಲ್ಲಿಗೆ?"

ಸೀರೆ ಒಟ್ಟು ಮಾಡಿಕೊಂಡು ಕಾರಿಗಿಳಿಯಲು ರತ್ನಾವತಿಯಕ್ಕನಿಗೆ ಸ್ವಲ್ಪ ಹೊತ್ತೇ ಹಿಡಿಯಿತು. "ಇದು ಹತ್ತುವುದಾ, ಬಾವಿಗೆ ಇಳಿಯುವುದಾ?" ಎಂದರು. ಕಾರು ರಸ್ತೆಗೆ ಬಂದ ಮೇಲೆ ನೆಟ್ಟಗೆ ಎದುರು ನೋಡುತ್ತ ಕೇಳಿದರು: "ಕಂಕನಾಡಿಯಿಂದ ಕಾವೂರಿಗೆ ಬರುವಷ್ಟರಲ್ಲಿ ಹೂವು ಹಾಗೆ ಬೇಯುವುದಿಲ್ಲ. ಎಲ್ಲಿಗೆ ಹೋಗಿದ್ರಿ?"

"ಕೆಂಜಾರಿಗೆ."

"ಎಷ್ಟು ಸಲ?"

"ನಾಲ್ಕು."

ಕಾರು ಕೊಟ್ಟಾರ ದಾಟಿತು. ಆಮೇಲೆ ರತ್ನಾವತಿಯಕ್ಕನೇ ಕೇಳಿದರು: "ಅಲ್ಲಿ ಅಂಥದ್ದು ಎಂತ ಆಗ್ತದೆ?"

ಸಂಕಪ್ಪಣ್ಣ ಯೋಚಿಸಿದರು. ಈ ಪ್ರಶ್ನೆಗೆ ಸುಳ್ಳು ಉತ್ತರ ಕೊಡಬಾರದು ಎನಿಸಿತು. "ನೀನು ಸಣ್ಣದಿರುವಾಗ ಬಾವಿಯಿಂದ ನೀರು ತರ್ತಿದ್ದೆಯಲ್ಲ. ತುಂಬಿದ ಕೊಡವನ್ನು ಕೈ ಚಾಚಿ ಎದುರಿಗೆ ಹಿಡ್ಕೊಂಡು ನಡೆದ್ರೆ ಹೇಗೆ? ತಿರುಗುವಾಗ ಕೊಡ ನಿನ್ನನ್ನು ಎಳೀತದೆ. ಹಳೆ ಕಾರು ಹಾಗೆ. ಅದೇ ಕೊಡ ಸೊಂಟದ ಮೇಲೆ ಇದ್ರೆ? ನೀನು ತಿರುಗಿದ್ರೆ ಅದೂ ತಿರುಗ್ತದೆ, ಭಾರವೇ ಗೊತ್ತಾಗುವುದಿಲ್ಲ. ಇದು ಹಾಗೆ."

ಮುಂದಿನ ಸರ್ಕಲಿನಲ್ಲಿ ಕಾರು ತಿರುಗುವಾಗ ರತ್ನಾವತಿಯಕ್ಕ ಬಾಗಿಲು ಹಿಡಿದಿದ್ದ ಕೈಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು.

ಮಾರ್ಕೆಟಿನಲ್ಲಿ ಮಲ್ಲಿಗೆ ಮುಗಿಯುತ್ತ ಬಂದಿತ್ತು. "ಬೆಳಿಗ್ಗೆ ಕೊಂಡುಹೋದದ್ದು ಎಂತ ಆಯ್ತು? ಆಡು ತಿಂದಿತಾ?" ಎಂದು ವಿನಿಫ್ರೆಡ್ ಬಾಯಿ ಕೇಳಿದಳು.

"ಆಡಲ್ಲ ಬಾಯಿ, ಇವರು" ಎಂದು ರತ್ನಾವತಿಯಕ್ಕ ಗದ್ದ ಎತ್ತಿ ಗಂಡನನ್ನು ತೋರಿಸಿದರು. ಉಳಿದದ್ದು ಬೇಕಾದ್ದರ ಅರ್ಧವಷ್ಟೇ. ಅದನ್ನು ಕೊಂಡು, ನಡುನಡುವೆ ಸೇರಿಸಲು ಅಬ್ಬಲಿಗೆ ಆರಿಸಿದರು. ಅಕ್ಷಿತಾಳಿಗೆ ಆ ಕೇಸರಿ ಬಣ್ಣ ಹೇಗೂ ಇಷ್ಟ. ಹೂವು ಈ ಸಲ ಎದುರಿನ ಡಿಕ್ಕಿಯಲ್ಲಿ ಮಲಗಿತು. ನಂತೂರಿನಲ್ಲಿ ಇಪ್ಪತ್ತು ನಿಮಿಷ ಲಾರಿಗಳ ಮಧ್ಯೆ ಸಿಕ್ಕಿಬಿದ್ದಾಗ ಸಂಕಪ್ಪಣ್ಣ ಬೆವರಿದರು. "ಹೂವು ತಂಪಲ್ಲಿದೆ, ನೀವು ಯಾಕೆ ಬಾಡ್ತೀರಿ" ಎಂದರು ಹೆಂಡತಿ.

ಹತ್ತು ಐವತ್ತಕ್ಕೆ ಕಾವೂರು ತಲುಪಿದರು. ಮಲ್ಲಿಗೆ ಆಗಷ್ಟೇ ಕೊಯ್ದಂತಿತ್ತು. ಮೂಡೆಗೆ ಹದವಾದ ಬಿಸಿ ಬಂದಿತ್ತು. ಅಕ್ಷಿತಾ ಬಿಳಿ ಕೇಸರಿ ಹೂವು ಮುಡಿದು ಹಸೆಯ ಮೇಲೆ ಕೂತಳು. ಊಟದ ಹೊತ್ತಿಗೆ ಅವಳ ಅತ್ತೆ, "ಕಂಕನಾಡಿಯಿಂದ ಇಲ್ಲಿಗೆ ಮೂಡೆ ಇಷ್ಟು ಬಿಸಿ ಹೇಗೆ ಬಂತು ರತ್ನಕ್ಕ?" ಎಂದು ಕೇಳಿದರು. "ನಮ್ಮದು ಒಂದು ಕ್ರಮ ಉಂಟು" ಎಂದು ರತ್ನಾವತಿಯಕ್ಕ ಗಂಭೀರವಾಗಿ ಹೇಳಿ ಬಡಿಸಿದರು.

ಸಂಜೆ ಅಂಗಳದಲ್ಲಿ ಸುಜಿತ್ ವಿಷಯ ತೆಗೆದ. "ಪರೀಕ್ಷೆಯಲ್ಲಿ ಪಪ್ಪ ಫೇಲ್ ಅಲ್ವಾ ಅಮ್ಮ? ನಾಳೆ ಸೆವೆನ್ ಸೀಟರ್ ನೋಡುವನಾ?"

ಸಂಕಪ್ಪಣ್ಣ ಚಪ್ಪಲಿಯ ಬಾರು ಸರಿಮಾಡುವವರಂತೆ ಬಗ್ಗಿದರು.

"ಫೇಲಾದದ್ದು ನಿನ್ನ ಪಪ್ಪ, ಕಾರಲ್ಲ" ಎಂದರು ರತ್ನಾವತಿಯಕ್ಕ. "ಸೆವೆನ್ ಸೀಟರ್ ನೀನು ತೆಕ್ಕೊ, ಮಗುವಿಗೆ ಬೇಕಾಗ್ತದೆ. ಆದ್ರೆ ಒಂದು ಹೇಳ್ತೇನೆ. ಎಷ್ಟು ದೊಡ್ಡ ಗಾಡಿ ಆದ್ರೂ ಎದುರು ನೀವಿಬ್ಬರು ಗಂಡಸರು ಕೂರುವುದು. ನಾನು ಹಿಂದೆ, ಮಡಿಲಲ್ಲಿ ಪಾತ್ರೆ. ಮೂವತ್ತೆರಡು ವರ್ಷ ನಾನು ನಿಮ್ಮ ತಲೆಯ ಹಿಂಭಾಗ ನೋಡಿದ್ದೇ ಹೆಚ್ಚು. ಇವತ್ತು ರಸ್ತೆ ನೋಡಿದೆ. ಇದರಲ್ಲಿ ಹಿಂದೆ ಕೂರ್ಲಿಕ್ಕೆ ಜಾಗವೇ ಇಲ್ಲ. ನನಗೆ ಇದೇ ಆಗ್ಬಹುದು."

ಶುಕ್ರವಾರ ಕೆಂಪು ಕಾರು ಶುಕೂರನ ಅಂಗಳಕ್ಕೆ ಹೋಗಿ ನಿಂತಿತು. ಸಂಕಪ್ಪಣ್ಣ ಅದರ ಉದ್ದ ಮೂತಿಯನ್ನು ಒಮ್ಮೆ ಸವರಿ, ಹಿಂದಿರುಗಿ ನೋಡದೆ ಚಿಕ್ಕ ಕಾರಿಗೆ ಇಳಿದರು. ಕಾರು ಸಣ್ಣದಾದದ್ದು ಕಂಡು ಓಣಿಯ ನಾಲ್ಕಾರು ಜನ, ಹೋಟೆಲಿಗೆ ಏನಾದರೂ ಕಷ್ಟ ಬಂತೇ ಎಂದು ವಿಚಾರಿಸಿದ್ದೂ ಉಂಟು. "ಹೌದು, ಹೆಂಡತಿಗೆ ಕಾರಿನ ಹುಚ್ಚು ಹಿಡಿದಿದೆ" ಎಂದು ಅವರು ಉತ್ತರಿಸಿದರು.

ಅದು ಪೂರ್ತಿ ಸುಳ್ಳಲ್ಲ. ಮೊದಲ ಭಾನುವಾರ ಬೆಳಿಗ್ಗೆ ಒಬ್ಬರೇ ಒಂದು ಸುತ್ತು ಹೋಗಿಬರೋಣವೆಂದು ಸಂಕಪ್ಪಣ್ಣ ಸದ್ದಾಗದಂತೆ ಕೀಲಿಕೈ ಹುಡುಕಿದರು. ಗೋಡೆಯ ಮೊಳೆಯಲ್ಲಿ ಅದು ಇರಲಿಲ್ಲ. ಹೊರಗೆ ಬಂದು ನೋಡಿದರೆ ರತ್ನಾವತಿಯಕ್ಕ ಎಡಗಡೆಯ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಕೂತಿದ್ದರು, ಕೀಲಿಕೈ ಅವರ ಮಡಿಲಲ್ಲಿತ್ತು.

"ಯಾರ ಮನೆಗೆ?" ಎಂದು ಸಂಕಪ್ಪಣ್ಣ ಕೇಳಿದರು.

"ಯಾರ ಮನೆಗೂ ಅಲ್ಲ" ಎಂದರು ಅವರು. "ಎರಡು ಡಿಕ್ಕಿಯೂ ಖಾಲಿ. ಹೊರಡಿ."